ಮೂರನೆಯ ಅಂಕದ ಕೆಮ್ಮು

ಇಸವಿ ೨೦೨೨, ನನಗೆ ಆಗ ಐವತ್ತಮೂರು ವರ್ಷ. ಕಾಲವನ್ನೂ ಕರ್ತೃವನ್ನೂ ಮೊದಲ ಸಾಲಿನಲ್ಲಿಯೇ ನಿಲ್ಲಿಸದೆ ಯಾವ ಸಂಗತಿಯನ್ನೂ ಹೇಳತೊಡಗಬಾರದೆಂದು ಬಸವಕಲ್ಯಾಣದ ಪ್ರೌಢಶಾಲೆಯೊಂದರಲ್ಲಿ ಬಹುಕಾಲ ಮಕ್ಕಳಿಗೆ ಕಲಿಸಿದವನು ನಾನು. ಈಗ ನನ್ನ ಕಥೆಯಲ್ಲಿಯೇ ಆ ನಿಯಮವನ್ನು ಮುರಿದರೆ ಅವರು ಸುಮ್ಮನಿರಲಾರರು. ಅವರಲ್ಲಿ ಹಲವರು ಇದೇ ಊರಿನಲ್ಲಿ ಅಂಗಡಿ ಇಟ್ಟುಕೊಂಡು, ಮಾಸ್ತರರ ತಪ್ಪೊಂದು ಕೈಗೆ ಸಿಕ್ಕೀತೆಂದು ಕಾದು ಕುಳಿತಿದ್ದಾರೆ. ಮಕ್ಕಳ ಸಂಖ್ಯೆ ಇಳಿದು ಶಾಲೆ ಕುಗ್ಗಿದಾಗ ನಾನು ಸ್ವಯಂ ನಿವೃತ್ತಿ ಪಡೆದು, ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ಕೆಲಸಕ್ಕೆ ಕುಳಿತೆ. ನನ್ನ ಕೈಗೆ ಸಿಕ್ಕ ಲಗ್ನಪತ್ರಿಕೆ ಮುಹೂರ್ತ ಮುಗಿದ ಮೇಲೆಯೇ ಹೊರಬೀಳುತ್ತದೆಂಬ ಮಾತು ಊರಿನಲ್ಲಿದೆ. ಅದು ಉತ್ಪ್ರೇಕ್ಷೆ. ಹಾಗಾದದ್ದು ಒಂದೇ ಸಲ, ಅದೂ ವರನ ಕಡೆಯವರು ತಿದ್ದುಪಡಿಗೆ ಒಪ್ಪದ ಕಾರಣದಿಂದ.

ತಿದ್ದುವುದರಲ್ಲಿಯೇ ಆಯುಷ್ಯ ಕಳೆದವನಿಗೆ ಒಂದು ಸತ್ಯ ತಡವಾಗಿ ಹೊಳೆಯುತ್ತದೆ. ಕಾಗದದ ಮೇಲಿನ ತಪ್ಪನ್ನು ಕೆಂಪು ಶಾಯಿಯಿಂದ ತಿದ್ದಬಹುದು. ಚಪ್ಪಾಳೆ ಗಿಟ್ಟಿಸಿದ ತಪ್ಪನ್ನು ತಿದ್ದುವ ಶಾಯಿ ಇನ್ನೂ ತಯಾರಾಗಿಲ್ಲ. ಟೀವಿಯ ಧಾರಾವಾಹಿಗಳನ್ನೇ ನೋಡಿ. ನಾಯಕಿ ತಲೆ ತಿರುಗಿ ಬಿದ್ದಳೆಂದರೆ ಡಾಕ್ಟರು ಮಣಿಕಟ್ಟು ಹಿಡಿದು, ಕಣ್ಣು ಮುಚ್ಚಿ, ಮನೆಮಂದಿಗೆಲ್ಲ ಸಿಹಿಸುದ್ದಿ ಹೇಳಿಬಿಡುತ್ತಾನೆ. ಇದನ್ನು ದಿನಾಲೂ ನೋಡಿದ್ದರ ಫಲವಾಗಿ, ನಮ್ಮ ಓಣಿಯಲ್ಲಿ ಸೊಸೆಯೊಬ್ಬಳು ಬಾವಿಕಟ್ಟೆಯ ಬಳಿ ತಲೆ ತಿರುಗಿ ಕುಸಿದಾಗ ಅವಳ ಅತ್ತೆ ನೀರು ಚಿಮುಕಿಸುವ ಮೊದಲೇ ಪೇಢೆ ತರಿಸಿದಳು. ನಾವೆಲ್ಲರೂ ತಿಂದೆವು. ದವಾಖಾನೆಯಲ್ಲಿ ತಿಳಿದದ್ದೇನೆಂದರೆ, ಆ ಹುಡುಗಿಯ ಮೈಯಲ್ಲಿ ರಕ್ತ ಕಡಿಮೆಯಿತ್ತು, ಅಷ್ಟೇ. ಪೇಢೆಯನ್ನು ಹಿಂದಿರುಗಿಸುವ ಮಾತು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ, ಇದೆಲ್ಲ ಟೀವಿ ನೋಡುವವರ ಹಣೆಬರಹ, ನಮ್ಮಂಥವರಿಗೆ ಸಂಬಂಧಿಸಿದ್ದಲ್ಲ ಎಂದುಕೊಂಡು ಬೆರಳು ನೆಕ್ಕಿಕೊಂಡೆ.

ನನಗೆ ಸಂಬಂಧಿಸಿದ್ದು ಬೇರೆ ಇತ್ತು. ನನ್ನ ಪತ್ನಿ ಕಮಲಾಬಾಯಿಯ ತವರು ಹುಮನಾಬಾದ ತಾಲೂಕಿನ ಘಾಟಬೋರಾಳ. ಅಲ್ಲಿ ಎಳ್ಳಮಾವಾಸ್ಯೆಯ ಮರುದಿನ ಊರ ಹವ್ಯಾಸಿಗಳು ಒಂದು ಸಾಮಾಜಿಕ ನಾಟಕ ಆಡುತ್ತಾರೆ. ಪ್ರತಿವರ್ಷವೂ ಅದೇ ನಾಟಕ. ಬರೆದ ಕವಿಗಳು ತೀರಿಹೋಗಿ ಬಹಳ ವರ್ಷಗಳಾದವು; ಆದ್ದರಿಂದ ಅದರಲ್ಲಿ ಒಂದಕ್ಷರ ಬದಲಿಸುವುದೂ ಅವರಿಗೆ ಮಾಡಿದ ಅಪಚಾರವೆಂದು ಊರಿನ ಭಾವನೆ. ನಾಯಕ ಮಧುಕರನೆಂಬ ಬಡ ಗುಮಾಸ್ತ. ಮೊದಲ ಅಂಕದ ಕೊನೆಯಲ್ಲಿ ಒಮ್ಮೆ ಕೆಮ್ಮುತ್ತಾನೆ, ಎರಡನೆಯದರಲ್ಲಿ ಆಗಾಗ, ಮೂರನೆಯದರಲ್ಲಿ ಎಡೆಬಿಡದೆ. ಬಿಳಿ ವಸ್ತ್ರದಲ್ಲಿ ಕುಂಕುಮದ ನೀರು ಕಾಣಿಸಿಕೊಳ್ಳುತ್ತದೆ. ಡಾಕ್ಟರು ಬಂದು "ಕೈಮೀರಿ ಹೋಗಿದೆ" ಎಂದು ತನ್ನ ಒಂದೇ ಮಾತನ್ನು ಹೇಳಿ ಹೋಗುತ್ತಾನೆ. ಮಧುಕರ ಹೆಂಡತಿಯಿಂದ ತನ್ನ ತಟ್ಟೆ, ಲೋಟ ಬೇರೆ ಮಾಡಿಸಿ, ಮಗುವನ್ನು ದೂರ ನಿಲ್ಲಿಸಿ, ಒಂದು ಉದ್ದನೆಯ ಹಾಡು ಹಾಡಿ ಸಾಯುತ್ತಾನೆ. ಆ ಹೊತ್ತಿಗೆ ಜನ ವೇದಿಕೆ ಹತ್ತಿ ಆಯೇರ ಮಾಡುತ್ತಾರೆ. ಸಾಯುತ್ತಿರುವವನಿಗೆ ಟವಲು ಹೊದಿಸುವುದು, ಅಂಗಿಗೆ ನೋಟು ಚುಚ್ಚುವುದು, ಮೈಕಿನಲ್ಲಿ ಕೊಟ್ಟವರ ಹೆಸರು ಕೂಗಿಸುವುದು ನಮ್ಮ ಕಡೆಯ ರಸಿಕರ ಪದ್ಧತಿ. ಹೆಣವು ಕಣ್ಣು ತೆರೆಯದೆ ಕೈ ಮುಗಿಯುತ್ತದೆ. "ಒನ್ಸ್ ಮೋರ್" ಎಂದು ಕೂಗಿದರೆ ಎದ್ದು ಇನ್ನೊಮ್ಮೆ ಸಾಯುತ್ತದೆ.

ಆ ಮಧುಕರನೇ ನನ್ನ ಪತ್ನಿಯ ತಮ್ಮ ಗುಂಡಪ್ಪ. ಊರಿನಲ್ಲಿ ಅವನಿಗೊಂದು ಹಿಟ್ಟಿನ ಗಿರಣಿಯಿದೆ. ನಾನು ಆ ನಾಟಕದ ಉಚ್ಚಾರಣೆಯ ಮಾಸ್ತರ. ಗುಂಡಪ್ಪ ಬಹಳ ಕಾಲ "ಚಯರೋಗ" ಎನ್ನುತ್ತಿದ್ದುದನ್ನು ನಾನು ಹಟ ಹಿಡಿದು "ಕ್ಷಯರೋಗ" ಎಂದು ತಿದ್ದಿಸಿದೆ. ಅಂದಿನಿಂದ ಅವನು ವ್ಯಾಕರಣಶುದ್ಧವಾಗಿ ಸಾಯುತ್ತಿದ್ದನು. ನಾನು ಪರದೆಯ ಪಕ್ಕದಲ್ಲಿ ನಿಂತು ತೃಪ್ತನಾಗುತ್ತಿದ್ದೆನು.

ಆ ವರ್ಷ ದಸರೆಯ ಹೊತ್ತಿಗೆ ಕಮಲಾಬಾಯಿಗೆ ಕೆಮ್ಮು ಹತ್ತಿತು. ಶುಂಠಿ, ಬೆಲ್ಲ, ಅರಿಸಿನ ಹಾಕಿದ ಹಾಲು ಎಲ್ಲವೂ ತಮ್ಮ ತಮ್ಮ ಸರದಿ ಮುಗಿಸಿ ಹೋದವು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು; ಬಳೆಗಳು ಮಣಿಕಟ್ಟಿನಿಂದ ಜಾರತೊಡಗಿದವು. ನಮ್ಮ ಓಣಿಯವರು ಯಾರೂ ಸಿಗದ ದವಾಖಾನೆಯೇ ಆಗಬೇಕೆಂದು ಅವಳು ಹಟ ಹಿಡಿದದ್ದರಿಂದ ಹುಮನಾಬಾದಕ್ಕೆ ಕರೆದೊಯ್ದೆ. ಕಫ ಪರೀಕ್ಷಿಸಿದರು, ಎದೆಯ ಚಿತ್ರ ತೆಗೆದರು, ಕ್ಷಯವೆಂದರು. ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನೆಗಡಿಯ ವಿಷಯ ಹೇಳಿದಷ್ಟೇ ನಿರಾಳವಾಗಿ ಹೇಳಿದರು: ಆರು ತಿಂಗಳು ಗುಳಿಗೆ ತಪ್ಪದೆ ನುಂಗಬೇಕು, ನಡುವೆ ಬಿಡಬಾರದು, ಇದು ಹರಡುವುದು ಉಸಿರಿನ ಗಾಳಿಯಿಂದ, ಆದ್ದರಿಂದ ಮೊದಲ ಕೆಲವು ವಾರ ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಕಿಟಕಿ ತೆರೆದಿಡಬೇಕು, ತಟ್ಟೆ ಲೋಟಗಳಿಂದ ಹರಡುವುದಿಲ್ಲ, ಅವನ್ನು ಬೇರೆ ಮಾಡಬೇಕಿಲ್ಲ. ಮೂತ್ರದ ಬಣ್ಣ ಕೆಂಪಾದರೆ ಅದು ಗುಳಿಗೆಯ ಬಣ್ಣ, ಹೆದರಬಾರದು. ಮನೆಯವರೂ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ನನ್ನ ಎದೆಯನ್ನೂ ನೋಡಿದರು, ಏನೂ ಇರಲಿಲ್ಲ. ನಾನು ಪ್ರತಿಯೊಂದು ಮಾತನ್ನೂ ಎರಡೆರಡು ಸಲ ಕೇಳಿ ಮನನ ಮಾಡಿಕೊಂಡೆ. ಕಮಲಾಬಾಯಿ ಒಂದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಕೇಳಿದಳು:

"ಕೇಳ್ರಿಲ್ಲಿ, ನಂದು ಈಗ ಎಷ್ಟನೇ ಅಂಕ ಆಗ್ಯಾದ?"

ನನಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಚೀಲದಲ್ಲಿದ್ದ ಗುಳಿಗೆಗಳನ್ನು ಎಣಿಸತೊಡಗಿದೆ.

"ಯಾರಿಗೂ ಹೇಳಬ್ಯಾಡ್ರಿ," ಎಂದಳು. "ನಮ್ಮೂರಾಗಂತೂ ಖರೇನ ಹೇಳಬ್ಯಾಡ್ರಿ. ಗುಂಡ್ಯಾಗ ಗೊತ್ತಾತಂದ್ರ ಇವತ್ತ ರಾತ್ರಿನೇ ನನ್ನ ಮುಂದ ಕುಂತು ಆ ಹಾಡು ಹಾಡ್ತಾನ."

ಹೀಗಾಗಿ ನಾವು ಪ್ರತಿ ತಿಂಗಳೂ ಗುಳಿಗೆ ತರಲು ಹುಮನಾಬಾದಕ್ಕೆ ಹೋಗಬೇಕಾದಾಗ, ಅದರ ಮಗ್ಗುಲಿನ ಮಾಣಿಕನಗರಕ್ಕೆ ದೇವರ ದರ್ಶನಕ್ಕೆ ಹೊರಟಿದ್ದೇವೆಂದು ಓಣಿಯಲ್ಲಿ ಹೇಳತೊಡಗಿದೆವು. ಸುಳ್ಳು ಎಷ್ಟು ಬೇಗ ಬೇರು ಬಿಡುತ್ತದೆಂಬುದನ್ನು ನಾನು ಅಂದಾಜಿಸಿರಲಿಲ್ಲ. ಎದುರು ಮನೆಯ ಸರಸ್ವತಿಬಾಯಿ ನಮ್ಮಲ್ಲಿ ಏಕಾಏಕಿ ಹುಟ್ಟಿದ ಭಕ್ತಿಗೆ ಮನಸೋತು, "ನಮ್ಮದೂ ಒಂದು ಕಾಯಿ ಒಯ್ಯರಿ ಮಾಸ್ತರ್ರ" ಎಂದು ತೆಂಗಿನಕಾಯಿ ತಂದಳು. ಮುಂದಿನ ತಿಂಗಳು ಇನ್ನೆರಡು ಮನೆಗಳು ಸೇರಿದವು. ಗುಳಿಗೆಯ ಚೀಲ ಅಂಗೈಯಗಲ. ಕಾಯಿಗಳ ಚೀಲ ಹೊರಲಾರದಷ್ಟು. ದವಾಖಾನೆಯ ಸಾಲಿನಲ್ಲಿ ನಾನು ಅಷ್ಟೊಂದು ತೆಂಗಿನಕಾಯಿ ಹಿಡಿದು ನಿಂತದ್ದನ್ನು ನೋಡಿ ಒಬ್ಬ ಮುದುಕ ಬಂದು ದರ ಕೇಳಿದ. ಕೊನೆಗೆ ಪ್ರತಿಸಲವೂ ಆಟೋ ಹಿಡಿದು ಮಾಣಿಕನಗರಕ್ಕೆ ನಿಜವಾಗಿಯೇ ಹೋಗಿ ಬರಬೇಕಾಯಿತು. ನಾವು ನುಡಿದದ್ದು ಹೀಗೆ ಸತ್ಯವಾಯಿತು. ಇದನ್ನು ಪ್ರಾಮಾಣಿಕತೆ ಎನ್ನಬಹುದೇ ಎಂಬುದನ್ನು ನಾನು ಇನ್ನೂ ತೀರ್ಮಾನಿಸಿಲ್ಲ.

ಕಮಲಾಬಾಯಿ ಗುಳಿಗೆ ನುಂಗುತ್ತಿದ್ದಳು, ಆದರೆ ನಂಬಿಕೆಯಿಂದಲ್ಲ. ನಾನು ಎದುರು ನಿಂತಿರುತ್ತಿದ್ದೆನೆಂಬ ದಾಕ್ಷಿಣ್ಯದಿಂದ. ತನ್ನ ತಟ್ಟೆ, ಲೋಟ ತಾನೇ ಬೇರೆ ಮಾಡಿಕೊಂಡಳು. ಅದು ಅಗತ್ಯವಿಲ್ಲವೆಂದು ಡಾಕ್ಟರು ಹೇಳಿದ್ದಾರೆಂದರೆ, "ಮಧುಕರನ ಮನ್ಯಾಗ ಹಂಗ ಮಾಡ್ತಾರಲ್ಲ" ಎನ್ನುತ್ತಿದ್ದಳು. ಡಾಕ್ಟರು ಓದಿ ಬಂದವರೆಂದರೆ, "ನಾಟಕ ಬರದವರೂ ಓದಿದವರೇ ಇದ್ರು" ಎನ್ನುತ್ತಿದ್ದಳು. ನಾನು ಆ ತಟ್ಟೆಯಲ್ಲಿಯೇ ಊಟಕ್ಕೆ ಕುಳಿತು ಪ್ರತಿಭಟಿಸಿದೆ. ಅವಳು ಇನ್ನೊಂದು ತಟ್ಟೆ ತೆಗೆದಳು. ನಮ್ಮ ಮನೆಯಲ್ಲಿ ಅಷ್ಟೊಂದು ತಟ್ಟೆಗಳಿವೆಯೆಂಬುದು ನನಗೆ ತಿಳಿದದ್ದು ಆಗಲೇ.

ನವೆಂಬರಿನ ಕೊನೆಗೆ ಗುಂಡಪ್ಪನ ಫೋನು ಬಂತು. "ಮಾವಾರ, ತಾಲೀಮು ಸುರು ಮಾಡಾಕತ್ತೇವ್ರಿ. ಈ ಸಲ ನಿರ್ಣಾ ಊರಿನವರೂ ನೋಡಾಕ ಬರ್ತಾರಂತ. ಸಾಯೋದು ಇನ್ನಾ ಸ್ವಲ್ಪ ಉದ್ದ ಮಾಡೇನಿ. ಅಕ್ಕಗ ಕರಕೊಂಡು ಬರ್ರಿ, ಮುಂದಿನ ಸಾಲಿನಾಗ ಕುಂಡ್ರಸ್ತೇನಿ." ಅವನ ದನಿ ಫೋನಿನಿಂದ ಹೊರಗೆ ಚೆಲ್ಲುವಂಥದ್ದು, ಗಿರಣಿಯ ಸದ್ದಿನಲ್ಲಿ ಬೆಳೆದ ದನಿ. ಕಮಲಾಬಾಯಿ ಎಲ್ಲವನ್ನೂ ಕೇಳಿಸಿಕೊಂಡಳು.

ಮರುದಿನ ಬೆಳಿಗ್ಗೆ ಗುಳಿಗೆ ಬೇಡವೆಂದಳು. ಅದರ ಮರುದಿನವೂ ಬೇಡವೆಂದಳು. ನಾನು ಶಾಲೆಯ ದನಿ ತೆಗೆದೆ. ಅದು ಅವಳೆದುರು ಎಂದೂ ನಡೆದದ್ದಿಲ್ಲ. ಆಮೇಲೆ ಬೇಡಿಕೊಂಡೆ.

"ನಾ ಒಂದ ಕೇಳ್ತೇನಿ, ಬರೋಬರಿ ಉತ್ತರ ಹೇಳ್ರಿ," ಎಂದಳು. "ನಾ ಸಣ್ಣಾಕಿ ಇದ್ದಾಗಿಂದ ಆ ನಾಟಕ ನೋಡೇನಿ. ಒಂದ ವರ್ಷ, ಒಂದೇ ಒಂದ ವರ್ಷ, ಮಧುಕರ ಉಳದಾನೇನ್ರಿ?"

"ಅದು ನಾಟಕ, ಕಮಲಾ."

"ನಾಟಕ ಇದ್ರ ಇರ್ಲಿ. ಅವಗ ಬಂದದ್ದೇ ನನಗ ಬಂದದ್ದು. ಅವಾ ಸಾಯಾಂವ, ನಾ ಯಾಕ ಹೊಟ್ಟ್ಯಾಗ ಗುಳಿಗಿ ತುಂಬ್ಕೋಬೇಕು?" ಎಂದು ನಕ್ಕಳು. ಅವಳು ನಕ್ಕಳು ನಿಜ. ಗುಳಿಗೆ ಮಾತ್ರ ಡಬ್ಬಿಯಲ್ಲಿಯೇ ಉಳಿದಿತ್ತು.

"ಈ ವರ್ಷ ಉಳಿಯುತ್ತಾನೆ," ಎಂದುಬಿಟ್ಟೆ.

"ಯಾರು ಉಳಸ್ತಾರ?"

"ನಾನು."

ಅವಳು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ನೀರಿನ ಲೋಟ ಎತ್ತಿಕೊಂಡಳು. "ನೋಡೂಣು. ಅಲ್ಲಿತನಕ ನುಂಗ್ತೇನಿ. ಅವಾ ಸತ್ತ ಮರುದಿನದಿಂದ ಬಂದ್."

ಕರಡು ತಿದ್ದುವವನು ಒಂದು ಪ್ರಾಣ ಉಳಿಸಬೇಕಾಗಿ ಬಂದದ್ದು ಹೀಗೆ. ಅದೂ ಕಾರಣ ಹೇಳದೆ.

ಭಾನುವಾರ ಘಾಟಬೋರಾಳದಲ್ಲಿ ಗಿರಣಿಯ ಮುಂದಿನ ಚಪ್ಪರದ ಕೆಳಗೆ ತಾಲೀಮು ನಡೆದಿತ್ತು. ಹಾರ್ಮೋನಿಯಂ ಮುಂದೆ ಇಸ್ಮಾಯಿಲ್‌ಸಾಬ್ ಕುಳಿತಿದ್ದರು. ಎರಡು ತಲೆಮಾರಿನ ಮಧುಕರರನ್ನು ಸ್ವರಬದ್ಧವಾಗಿ ಕಳುಹಿಸಿಕೊಟ್ಟ ಹಿರಿಯರು. ನಾನು ವಿಷಯವನ್ನು ಕ್ರಮವಾಗಿ ಮಂಡಿಸಿದೆ. ಮಧುಕರನು ಮೂರು ಅಂಕಗಳ ಕಾಲ ಒಂದೇ ಕೋಣೆಯಲ್ಲಿ ಕಿಟಕಿ ಮುಚ್ಚಿಕೊಂಡು ಕೆಮ್ಮುತ್ತಾನೆ. ಮನೆಯವರಲ್ಲಿ ಒಬ್ಬರನ್ನಾದರೂ ಪರೀಕ್ಷಿಸುವ ಮಾತಿಲ್ಲ. ಆದರೆ ತಟ್ಟೆ ಬೇರೆ ಮಾಡುತ್ತಾರೆ. ಡಾಕ್ಟರು ಬರುತ್ತಾನೆ, ಆದರೆ ಔಷಧ ಕೊಡುವುದಿಲ್ಲ. ಗುಳಿಗೆಯಿಂದ ಗುಣವಾಗುವ ರೋಗಕ್ಕೆ ಊರಿಗೆ ಊರೇ ಅತ್ತು, ಆಯೇರ ಮಾಡಿ ಮನೆಗೆ ಹೋಗುತ್ತದೆ. ಇದು ಸರಿಯಲ್ಲ, ಮಧುಕರ ಬದುಕಬೇಕು.

ಡಾಕ್ಟರನ ಪಾತ್ರದ ಶಂಕ್ರಪ್ಪನು, "ಮಾಸ್ತರ್ರು ವ್ಯಾಕರಣ ಬಿಟ್ಟು ಡಾಕ್ಟರಿಕಿ ಹಿಡದ್ರೇನ್ರಿ?" ಎಂದ.

"ಮಾವಾರ," ಎಂದ ಗುಂಡಪ್ಪ, ಬಹಳ ವಿನಯದಿಂದ. "ನೀವು ಹೇಳಿದ್ದು ಖರೇ ಇದ್ದೀತು. ಆದ್ರ ಮಂದಿ ಬರೋದೇ ನಾ ಸಾಯೋದು ನೋಡಾಕ. ನಾ ಸಾಯಲಿಲ್ಲಂದ್ರ ಯಾಕ ಬರಬೇಕವರು? ನಾ ಜೀವಂತ ಇರೋದು ಗಿರಣ್ಯಾಗ ದಿನಾ ನೋಡ್ತಾರ."

"ಹಾಗಾದರೆ ಬೇರೆ ಏನಾದರೂ ಆಗಿ ಸಾಯಲಿ," ಎಂದು ನಾನು ರಾಜಿಗೆ ಬಂದೆ. ಕಮಲಾಬಾಯಿಯ ಷರತ್ತಿನಲ್ಲಿ ಇದಕ್ಕೆ ಅವಕಾಶವಿದೆಯೇ ಎಂಬ ಸಂಶಯ ನನಗೂ ಇತ್ತು.

"ಹಾರ್ಟ್ ಅಟ್ಯಾಕ್ ಮಾಡೂಣೇನು?" ಎಂದ ಶಂಕ್ರಪ್ಪ.

ಇಸ್ಮಾಯಿಲ್‌ಸಾಬ್ ತಲೆ ಅಲ್ಲಾಡಿಸಿದರು. "ಬಿಲ್ಕುಲ್ ಆಗಂಗಿಲ್ಲ. ಹಾರ್ಟ್ ಅಟ್ಯಾಕ್‌ದಾಗ ಹಾಡಿಗಿ ಟೈಮ್ ಎಲ್ಲಿ ಸಿಗ್ತದ? ಪಲ್ಲವಿ ಮುಗಿಯೂದ್ರಾಗ ಆಟ ಖಲಾಸ್."

"ಲಾರಿ ಹಾಯಿಸಿಬಿಡೂಣು."

"ಸ್ಟೇಜ್ ಮ್ಯಾಲ ಲಾರಿ ಯಾರು ತರ್ತಾರೋ? ನಿಮ್ಮಪ್ಪ?"

"ಹಾವು ಕಡಿಸ್ರಿ. ಯಾರರ ಬಾಯಿಲೆ ವಿಷ ಹೀರಲಿ."

"ಹಾವು ಕಡಿದರೆ ಬಾಯಿಂದ ಹೀರಬಾರದು," ಎಂದು ನಾನು ತಡೆದೆ. "ಕೂಡಲೆ ದವಾಖಾನೆಗೆ ಒಯ್ಯಬೇಕು. ಅಲ್ಲಿಯೂ ಬದುಕುವ ಸಂಭವವೇ ಹೆಚ್ಚು."

"ನೋಡಪಾ," ಎಂದು ಶಂಕ್ರಪ್ಪ ಕೈ ಚೆಲ್ಲಿದ. "ಮಾಸ್ತರ್ರು ನಮಗ ಯಾವ ರೀತಿಲೇನೂ ಸಾಯಾಕ ಬಿಡಂಗಿಲ್ಲ!"

ಎಲ್ಲರೂ ನಕ್ಕರು. ಚಹಾ ಬಂತು. ನನ್ನ ಪ್ರಸ್ತಾವವು ಚಹಾದೊಂದಿಗೆ ಮುಗಿದುಹೋಯಿತು. ಮನೆಗೆ ಬಂದು, ಮಾತುಕತೆ ಪ್ರಗತಿಯಲ್ಲಿದೆಯೆಂದು ಕಮಲಾಬಾಯಿಗೆ ವರದಿ ಒಪ್ಪಿಸಿದೆ. ಅವಳು ಗುಳಿಗೆ ನುಂಗಿದಳು. ನನ್ನ ಮುಖವನ್ನೂ ಓದಿದಳು.

ಎಳ್ಳಮಾವಾಸ್ಯೆ ಹತ್ತಿರ ಬಂದಂತೆ ತವರಿನಲ್ಲಿ ಕೆಲಸ ಹೆಚ್ಚಿತು; ಹೊಲದ ಪೂಜೆಗೆ ಸಜ್ಜೆಯ ಕಡುಬು, ಭಜ್ಜಿ, ಅಂಬಲಿ ಆಗಬೇಕು. ಅಷ್ಟರಲ್ಲಿ ಅವಳ ಕೆಮ್ಮು ನಿಂತು, ಹಸಿವೆ ಹುಟ್ಟಿ, ಬಳೆಗಳು ಮತ್ತೆ ತಮ್ಮ ಜಾಗ ಹಿಡಿದಿದ್ದವು. ಇನ್ನು ನಿಮ್ಮಿಂದ ಯಾರಿಗೂ ಅಪಾಯವಿಲ್ಲ, ಮಂದಿಯಲ್ಲಿ ಬೆರೆಯಿರಿ ಎಂದು ಡಾಕ್ಟರೂ ಹೇಳಿದ್ದರು. ಹಾಗಾಗಿ ಕಮಲಾಬಾಯಿ ನನ್ನೊಂದಿಗೆ ಘಾಟಬೋರಾಳಕ್ಕೆ ಬಂದಳು. ತಾಲೀಮಿನ ಚಪ್ಪರದತ್ತ ಸುಳಿಯುವುದಿಲ್ಲವೆಂದು ಮೊದಲೇ ಹೇಳಿದ್ದಳು. ಆದರೆ ಗಿರಣಿಯ ಕಟ್ಟೆಯ ಮೇಲೆ ಅವರೆಕಾಯಿ ಬಿಡಿಸುತ್ತ ಕುಳಿತವಳಿಗೆ ಚಪ್ಪರದ ಕೆಳಗಿನದೆಲ್ಲ ಕಾಣುತ್ತಿತ್ತು, ಕೇಳುತ್ತಿತ್ತು.

ಮೂರನೆಯ ಅಂಕ ನಡೆದಿತ್ತು. ಗುಂಡಪ್ಪ ಎಡಗೈಯಿಂದ ಎದೆ ಹಿಡಿದು, ಬಲಗೈ ಆಕಾಶಕ್ಕೆತ್ತಿ, ನಗಾರಿ ಬಾರಿಸಿದಂತೆ ಕೆಮ್ಮಿದ. ಕಟ್ಟೆಯ ಮೇಲೆ ಅವರೆ ಬಿಡಿಸುವ ಕೈ ನಿಂತಿತು. ಅವನು ಮತ್ತೆ ಕೆಮ್ಮಿದ. ಈ ಸಲ ಒಂದು ಸುತ್ತು ತಿರುಗಿ. ನನ್ನ ಪತ್ನಿಯ ಮುಖದಲ್ಲಿ ನಾನು ಬಹಳ ವರ್ಷ ಕನ್ನಡಿಯಲ್ಲಿ ಕಂಡ ಭಾವವೊಂದು ಮೂಡಿತು. ತಪ್ಪನ್ನು ಕಣ್ಣೆದುರು ಕಂಡೂ ಸುಮ್ಮನಿರಬೇಕಾದವನ ಭಾವ ಅದು. ಆ ಭಾವ ಬಹಳ ಹೊತ್ತು ನಿಲ್ಲುವುದಿಲ್ಲ.

"ಏ ಗುಂಡ್ಯಾ! ಹಂಗ ಕೆಮ್ಮತಾರೇನೋ ಮೂಳ?"

ಗುಂಡಪ್ಪನ ಕೈ ಆಕಾಶದಲ್ಲಿಯೇ ಉಳಿಯಿತು. "ಮತ್ತ ಹ್ಯಾಂಗ, ಅಕ್ಕಾ?"

"ಕೈ ಮ್ಯಾಲ ಎತ್ತಾಕ ತ್ರಾಣ ಎಲ್ಲಿರ್ತದ? ಮೈ ಹಿಂಗ ಮುದುಡಿಕೊಳ್ತದ. ಕೆಮ್ಮು ಸಣ್ಣದಿರ್ತದ, ಬಿಡಂಗಿಲ್ಲ. ಕೆಮ್ಮೂದಕಿಂತಾ ಮಂದಿಗಿ ಕೇಳಬಾರದಂತ ತಡಕೊಳ್ಳೂದೇ ಹೆಚ್ಚಿರ್ತದ. ಹಾಡಂತ, ಹಾಡು! ಎರಡ ಮಾತಾಡಿದ್ರ ದಮ್ಮು ಹತ್ತತದ."

"ನಿನಗ ಹ್ಯಾಂಗ ಗೊತ್ತು?" ಎಂದು ಶಂಕ್ರಪ್ಪ ನಕ್ಕ.

"ನನಗ ಆಗ್ಯಾದ. ನನಗ ಗೊತ್ತಿರಂಗಿಲ್ಲೇನು?"

ಹೇಳಿಯಾದ ಮೇಲೆಯೇ ಅವಳಿಗೆ ತಾನು ಹೇಳಿದ್ದು ಕೇಳಿಸಿತೆಂದು ಕಾಣುತ್ತದೆ. ಅವರೆಕಾಯಿಯ ಮೊರ ಮಡಿಲಿನಿಂದ ಜಾರಿತು. ಇಸ್ಮಾಯಿಲ್‌ಸಾಬ್ ಬೆರಳು ತೆಗೆಯುವುದನ್ನು ಮರೆತದ್ದರಿಂದ ಹಾರ್ಮೋನಿಯಂ ಒಂದೇ ಸ್ವರವನ್ನು ಎಳೆಯುತ್ತ ಹೋಗಿ, ಗಾಳಿ ಮುಗಿದು ನಿಂತಿತು. ಕಟ್ಟೆಯ ಹತ್ತಿರ ನಿಂತಿದ್ದ ಒಬ್ಬಿಬ್ಬರು ಏನೋ ನೆನಪಾದವರಂತೆ ದೂರ ಸರಿದರು. ಅವಳು ಅದನ್ನು ನೋಡಿದಳು. ನಾನೂ ನೋಡಿದೆ. ಎರಡು ತಿಂಗಳು ತೆಂಗಿನಕಾಯಿ ಹೊತ್ತು ಕಾಯ್ದ ಗುಟ್ಟು, ತಮ್ಮನ ಒಂದು ಕೆಟ್ಟ ಕೆಮ್ಮಿನಿಂದ ಹೊರಬಿತ್ತು.

ಗುಂಡಪ್ಪ ಕಟ್ಟೆಯ ಹತ್ತಿರ ಬಂದ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಮತ್ತ... ನೀ ಸತ್ತಿಲ್ಲಲ್ಲ?"

"ನಾ ಯಾಕ ಸಾಯಲೋ? ಗುಳಿಗಿ ನುಂಗಾಕತ್ತೇನಿ. ದಸರಾದಾಗ ಏಳಾಕ ಆಗ್ತಿದ್ದಿಲ್ಲ, ಈಗ ನಿಮ್ಮ ಮನಿ ಅವರಿಕಾಯಿ ಪೂರಾ ಬಿಡಸೇನಿ. ಇನ್ನ ನಾಕ ತಿಂಗಳದಾಗ ಗುಣಾ ಆಗ್ತದಂತ ಡಾಕ್ಟರಬಾಯಿ ಹೇಳ್ಯಾರ," ಎಂದಳು. ಆ ಮಾತನ್ನು ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಡಾಕ್ಟರು ಹೇಳಿದ್ದನ್ನು ಅವಳು ದವಾಖಾನೆಯಲ್ಲಿ ಕೇಳಿಸಿಕೊಂಡಿದ್ದಳೆಂಬುದೂ ನನಗೆ ತಿಳಿದದ್ದು ಆಗಲೇ. ತಮ್ಮನ ಜೊತೆಗೆ ವಾದಿಸಲು ಹೋಗಿ ಅವಳು ಬಹುಶಃ ತನ್ನನ್ನೇ ಒಪ್ಪಿಸಿಬಿಟ್ಟಿದ್ದಳು.

ಗುಂಡಪ್ಪ ಅಕ್ಕನ ಪಕ್ಕ ಕುಳಿತು ಅತ್ತ. ಮೂರನೆಯ ಅಂಕದ ಅಳುವಿಗೂ ಇದಕ್ಕೂ ಏನೂ ಹೋಲಿಕೆಯಿರಲಿಲ್ಲ. ಮೂಗು ಸೋರಿತು, ತೋಳಿನಿಂದ ಒರೆಸಿಕೊಂಡ, ನಡುವೆ ಬಿಕ್ಕಳಿಕೆ ಬಂತು. ನೋಡಿದರೆ ಯಾರೂ ಆಯೇರ ಮಾಡುವಂತಿರಲಿಲ್ಲ. ಆಮೇಲೆ ಎದ್ದು, "ಮಾವಾರ, ಪೆನ್ನು ತೆಗೀರಿ. ಮಧುಕರ ಸಾಯಂಗಿಲ್ಲ" ಎಂದ. ದೂರ ಸರಿದಿದ್ದವರ ಕಡೆಗೆ ತಿರುಗಿ, "ಯಾಕ್ರೋ, ಅಲ್ಲೇನು ನಿಂತೀರಿ? ಇಕಡಿ ಬರ್ರಿ, ಅವರಿಕಾಯಿ ಆರಸ್ರಿ" ಎಂದು ಗದರಿಸಿದ. ಅವರು ಬಂದರು, ನಿಧಾನವಾಗಿ.

ಹೊಸ ಮೂರನೆಯ ಅಂಕವನ್ನು ನಾನು ಬರೆದೆನೆಂದು ಹೇಳಿಕೊಳ್ಳುವುದು ನ್ಯಾಯವಲ್ಲ. ಕಮಲಾಬಾಯಿ ಹೇಳಿದಳು, ನಾನು ಬರೆದುಕೊಂಡೆ. ಕಿಟಕಿ ತೆರೆಸಿದಳು. ಬೇರೆ ಮಾಡಿದ ತಟ್ಟೆಯನ್ನು ಮಧುಕರನ ಹೆಂಡತಿಯ ಕೈಯಿಂದಲೇ ಮತ್ತೆ ಒಳಗಿಡಿಸಿದಳು. ಇಷ್ಟು ವರ್ಷ ಒಂದೇ ಮಾತಾಡಿದ್ದ ಡಾಕ್ಟರನಿಗೆ ಈಗ ಒಂದು ಪುಟ ಮಾತು ಬಂದು, ಶಂಕ್ರಪ್ಪ ಹೊಸ ಬಿಳಿ ಕೋಟು ಬೇಕೆಂದು ಹಟ ಹಿಡಿದ. ದೊಡ್ಡ ಜಗಳವಾದದ್ದು ಮೂತ್ರದ ವಿಷಯದಲ್ಲಿ.

"ಅದನ್ನ ಹಾಕ್ರಿ," ಎಂದಳು ಕಮಲಾಬಾಯಿ. "ಅದೊಂದ ಹೇಳಲಿಲ್ಲಂದ್ರ ಮಂದಿ ಕೆಂಪು ನೋಡಿ, ರಕ್ತ ಅಂತ ಅಂಜಿ ಗುಳಿಗಿ ಬಿಟ್ಟಬಿಡ್ತಾರ."

"ಅಕ್ಕಾ, ಹೆಣಮಕ್ಕಳು ಕುಂತಿರ್ತಾರ! ನಾಯಕ ಆಗಿ ನಾ ಸ್ಟೇಜ್ ಮ್ಯಾಲ ನಿಂತು ಆ ಮಾತು ಹೇಳಲ್ಯಾ?"

"ಹೆಣಮಕ್ಕಳು ಅದನ್ನ ಮಾಡಂಗಿಲ್ಲೇನು?"

ನಾನು ಸಭ್ಯತೆಗೂ ನಿಖರತೆಗೂ ನಡುವೆ ಸಿಕ್ಕಿ, "ಜಲಬಾಧೆಯ ವರ್ಣವು ಅರುಣವಾಗುವುದು ಭೇಷಜದ ಪ್ರಭಾವವೆಂದರಿಯಿರಿ" ಎಂಬ ಸಾಲೊಂದನ್ನು ರಚಿಸಿದೆ. ಅದನ್ನು ಈಗಲೂ ನಾನು ಸುಂದರವೆಂದೇ ಭಾವಿಸುತ್ತೇನೆ. ಇಸ್ಮಾಯಿಲ್‌ಸಾಬ್ ಬಹಳ ಗಂಭೀರವಾಗಿ ಕೇಳಿ, "ಭೇಷ್ ಅದ ಮಾಸ್ತರ್ರ. ಇದು ಯಾವ ದೇವರ ಮಂತ್ರಾರಿ?" ಎಂದರು. ಕೊನೆಗೆ ಆ ಮಾತು ಹಾಸ್ಯಪಾತ್ರದ ಪಾಲಿಗೆ ಹೋಯಿತು. ಅದನ್ನು ಅವನು ನೇರವಾಗಿ, ನಮ್ಮೂರ ಮಾತಿನಲ್ಲಿಯೇ ಹೇಳಬೇಕೆಂದು ತೀರ್ಮಾನವಾಯಿತು.

ನಾಟಕದ ದಿನ ಬಯಲು ತುಂಬಿತ್ತು. ನಿರ್ಣಾದವರು ಟ್ರ್ಯಾಕ್ಟರಿನಲ್ಲಿ ಬಂದಿದ್ದರು. ಹತ್ತರೊಳಗೆ ಮೈಕು ನಿಲ್ಲಿಸಬೇಕಾದ್ದರಿಂದ ಹೊತ್ತು ಮುಳುಗುವ ಮೊದಲೇ ಪರದೆ ಏರಿತು. ಕಮಲಾಬಾಯಿ ಮುಂದಿನ ಸಾಲಿನಲ್ಲಿ ಕುಳಿತಳು. ಸುದ್ದಿ ಊರಿಗೆಲ್ಲ ಹಬ್ಬಿತ್ತು. ಅವಳ ಎಡಬಲದಲ್ಲಿ ಒಂದೊಂದು ಕುರ್ಚಿ ಖಾಲಿ ಉಳಿದದ್ದು ನನಗೆ ಪರದೆಯ ಪಕ್ಕದಿಂದ ಕಾಣುತ್ತಿತ್ತು. ಎರಡು ಅಂಕ ಎಂದಿನಂತೆ ನಡೆದವು. ಮೂರನೆಯದರಲ್ಲಿ ಗುಂಡಪ್ಪ ಅಕ್ಕ ಹೇಳಿಕೊಟ್ಟಂತೆ ಮೈ ಮುದುಡಿ, ಸಣ್ಣದಾಗಿ, ತಡೆತಡೆದು ಕೆಮ್ಮಿದ. ನಗಾರಿಯ ಕೆಮ್ಮಿಗೆ ಒಗ್ಗಿದ್ದ ಜನ ಮೊದಲು ಗಲಗಲ ಎಂದರು. ಆಮೇಲೆ ಒಬ್ಬೊಬ್ಬರಾಗಿ ಸುಮ್ಮನಾದರು. ಆ ಕೆಮ್ಮನ್ನು ಅವರಲ್ಲಿ ಹಲವರು ತಮ್ಮ ಮನೆಗಳಲ್ಲಿ ಕೇಳಿದ್ದರೆಂದು ನನಗನ್ನಿಸಿತು. ಡಾಕ್ಟರು ಒಂದು ಪುಟವನ್ನು ಒಂದೇ ಉಸಿರಿನಲ್ಲಿ ಹೇಳಿದ. ಹಾಸ್ಯಪಾತ್ರದವನು ತನ್ನ ಕೆಂಪು ಮಾತು ಹೇಳಿದಾಗ ಹೆಣ್ಣುಮಕ್ಕಳ ಕಡೆಯಿಂದಲೇ ದೊಡ್ಡ ನಗೆ ಬಂತು. ಮಧುಕರ ಗುಳಿಗೆ ನುಂಗಿದ, ಪರದೆ ಬಿದ್ದೆದ್ದಿತು, ಆರು ತಿಂಗಳು ಕಳೆದವು, ಅವನು ನೆಟ್ಟಗೆ ನಡೆದು ಬಂದು "ಗುಣವಾದೆನು" ಎಂದ.

ಕೈಯಲ್ಲಿ ಟವಲು ಹಿಡಿದು ಆಯೇರಕ್ಕೆ ಕಾದಿದ್ದ ಮುದುಕನೊಬ್ಬ ಎದ್ದು ನಿಂತು ಕೇಳಿದ: "ಲೇ ಗುಂಡಪ್ಪಾ, ಸಾಯೋದು ಯಾವಾಗೋ?"

ಗುಂಡಪ್ಪ ಪಾತ್ರ ಬಿಟ್ಟು ಮೈಕಿನ ಹತ್ತಿರ ಬಂದ. "ಕಾಕಾ, ಈ ವರ್ಷ ಸಾಯಂಗಿಲ್ಲ. ನಮ್ಮ ಅಕ್ಕಗೂ ಇದೇ ಆಗ್ಯಾದ. ಅಲ್ಲಿ ಕುಂತಾಳ ನೋಡ್ರಿ. ಅಕಿ ಉಳದಮ್ಯಾಲ ನಾ ಯಾಕ ಸಾಯ್ಲಿ?"

ಎಲ್ಲರೂ ಕಮಲಾಬಾಯಿಯ ಕಡೆ ನೋಡಿದರು. ಅವಳು ಸೆರಗು ಸರಿಪಡಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕುಳಿತಳು. ಮುದುಕ ಸ್ವಲ್ಪ ಯೋಚಿಸಿ, ವೇದಿಕೆ ಹತ್ತುವ ಬದಲು ಅವಳ ಪಕ್ಕದ ಖಾಲಿ ಕುರ್ಚಿಗೆ ಬಂದು ಕುಳಿತು, ಟವಲನ್ನು ಅವಳ ಕೈಗೆ ಕೊಟ್ಟ. "ನಮ್ಮ ಮನಿಯಾಕಿಗೂ ಸಂಜಿ ಆದ್ರ ಜ್ವರ ಬರ್ತಾವ. ಎಲ್ಲಿ ತೋರಸಬೇಕವಾ?" ಎಂದು ಅವನು ಕೇಳಿದ್ದು ನನಗೆ ಆಮೇಲೆ ಗೊತ್ತಾಯಿತು. ಆಗ ನನಗೆ ಕೇಳಿಸಲು ಸಾಧ್ಯವಿರಲಿಲ್ಲ, ಏಕೆಂದರೆ ಬಯಲೆಲ್ಲ "ಒನ್ಸ್ ಮೋರ್" ಎಂದು ಕೂಗತೊಡಗಿತ್ತು. ಕಲಾವಿದನು ರಸಿಕರ ಆಜ್ಞೆ ಮೀರುವಂತಿಲ್ಲ. ಗುಂಡಪ್ಪ ಮತ್ತೆ ಮಂಚದ ಮೇಲೆ ಕುಳಿತು, ಪೆಪರಮೆಂಟಿನ ಗುಳಿಗೆಗಳನ್ನು ಇನ್ನೊಮ್ಮೆ ನುಂಗಿದ. ಇನ್ನೊಂದು ಕೂಗಿಗೆ ಮತ್ತೊಮ್ಮೆ ಗುಳಿಗೆಯ ಡಬ್ಬಿಗೆ ಕೈ ಹಾಕಿದ. ನನಗೆ ತಡೆಯಲಾಗಲಿಲ್ಲ. "ದಿನಕ್ಕೆ ಒಂದೇ ಸಲ! ಒಂದೇ ಸಲ!" ಎಂದು ನಾನು ಪರದೆಯ ಪಕ್ಕದಿಂದ ಓಡಿಬಂದು ಮೈಕಿನ ಮುಂದೆಯೇ ಚೀರಿದೆ. ನಿರ್ಣಾದವರು ಅದನ್ನು ನಾಟಕದ ಭಾಗವೆಂದೇ ತಿಳಿದರು. ಆ ವರ್ಷದ ಅತಿದೊಡ್ಡ ಚಪ್ಪಾಳೆ ಬಿದ್ದದ್ದು ಆ ಮಾತಿಗೆ. ಬದುಕಿನಲ್ಲಿ ನಾನು ವೇದಿಕೆಯ ಮೇಲೆ ಆಡಿದ ಮಾತು ಅದೊಂದೇ.

ಮರುದಿನ ಬೆಳಿಗ್ಗೆ ಕಮಲಾಬಾಯಿ ನಾನು ಹೇಳುವ ಮೊದಲೇ ಗುಳಿಗೆ ನುಂಗಿದಳು. ಓಣಿಗೆ ಬಂದು ಸರಸ್ವತಿಬಾಯಿಗೆ ವಿಷಯ ಹೇಳಿದಳು. ಸರಸ್ವತಿಬಾಯಿ ಸ್ವಲ್ಪ ದಿನ ಅಂಗಳದಿಂದಲೇ ಮಾತಾಡಿ, ಆಮೇಲೆ ಒಳಗೆ ಬಂದಳು. ಕಾಯಿ ಕಳಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಯುಗಾದಿಯ ಆಸುಪಾಸಿನಲ್ಲಿ ನನಗೆ ಕೆಮ್ಮು ಬಂತು. ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮುದ್ರಣಾಲಯದ ಕಾಗದದ ಧೂಳು ಎಂದೆ. ಹವೆ ಬದಲಾಗಿದೆ ಎಂದೆ. ನನ್ನ ಎದೆಯನ್ನು ಅಕ್ಟೋಬರಿನಲ್ಲಿಯೇ ನೋಡಿಯಾಗಿದೆ ಎಂದೆ. ಎರಡು ವಾರಕ್ಕಿಂತ ಹೆಚ್ಚು ಕಾಲ ಕೆಮ್ಮಿದ್ದರೆ ಪರೀಕ್ಷೆ ಮಾಡಿಸಬೇಕೆಂಬ ಮಾತನ್ನು ಮೂರನೆಯ ಅಂಕದಲ್ಲಿ ಡಾಕ್ಟರನ ಬಾಯಿಗೆ ಹಾಕಿದವನೇ ನಾನು; ಆದರೆ ಅದು ಪಾತ್ರಗಳಿಗೆ ಹೇಳಿದ ಮಾತು. ರಾತ್ರಿ ದಿಂಬಿನಲ್ಲಿ ಮುಖವಿಟ್ಟು, ಯಾರಿಗೂ ಕೇಳಿಸದಂತೆ ತಡೆದು ತಡೆದು ಕೆಮ್ಮುತ್ತಿದ್ದೆ. ಕಮಲಾಬಾಯಿ ಕತ್ತಲೆಯಲ್ಲಿ, "ಗುಂಡ್ಯಾನಕಿಂತಾ ಚೊಲೋ ಮಾಡ್ತೀರಿ" ಎಂದಳು. ಅವಳ ಕೊನೆಯ ಪರೀಕ್ಷೆಗೆ ಹುಮನಾಬಾದಕ್ಕೆ ಹೋದ ದಿನ ನನ್ನ ತೋಳು ಹಿಡಿದು, ಅಷ್ಟೂ ಜನರ ಸಾಲಿನ ಮುಂದೆ ನಿಲ್ಲಿಸಿ, ಡಾಕ್ಟರಿಗೆ ಹೇಳಿದಳು: "ಇವರೂ ಕಫ ಕೊಡ್ತಾರ್ರಿ. ಮಂದಿ ಕೆಮ್ಮು ತಿದ್ದಾಕ ಊರೂರು ತಿರಗ್ತಾರ, ತಮ್ಮದು ಬಂದ್ರ ಧೂಳು ಅಂತಾರ." ಡಾಕ್ಟರು ನಕ್ಕರು. ಸಾಲಿನಲ್ಲಿದ್ದವರೂ ನಕ್ಕರು. ನಾನು ಡಬ್ಬಿ ಹಿಡಿದು ಹೊರಗೆ ಹೋದೆ.

ಇಬ್ಬರ ಫಲಿತಾಂಶವೂ ಒಂದೇ ದಿನ ಕೈಗೆ ಬಂತು. ಕಮಲಾಬಾಯಿಗೆ ರೋಗ ಪೂರ್ತಿ ಗುಣವಾಗಿತ್ತು. ನನ್ನದು, ಡಾಕ್ಟರ ಮಾತಿನಲ್ಲಿ ಹೇಳುವುದಾದರೆ, ಬರೀ ಧೂಳು. "ನಾನು ಮೊದಲೇ ಹೇಳಿರಲಿಲ್ಲವೇ?" ಎಂದು ನಾನು ಕಮಲಾಬಾಯಿಯ ಕಡೆ ತಿರುಗಿದೆ, ಆದರೆ ಆ ವಾಕ್ಯವನ್ನು ಹೇಳಲಾಗುತ್ತದೋ ಇಲ್ಲವೋ ಎಂಬ ಅಂಜಿಕೆಯಲ್ಲಿ ನಾನು ಹದಿನೈದು ದಿನದಿಂದ ನಿದ್ದೆ ಬಿಟ್ಟಿದ್ದು ಅವಳಿಗೆ ಗೊತ್ತಿತ್ತು. ಅಂದು ೨೦೨೩ರ ಏಪ್ರಿಲ್ ೧೮, ಮಂಗಳವಾರ.